ಪರಿಸರ ಆರೋಗ್ಯ ವಿಜ್ಞಾನ ಓದಬೇಕೆಂದಿದ್ದೇನೆ: ಯಾವ ಕೋರ್ಸ್ ಸೇರುವುದು ಸರಿ?

ಪ್ರಶ್ನೆ – ಪಾವಗಡದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಅಂತಿಮ ವರ್ಷದಲ್ಲಿ ರಸಾಯನಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ನಮ್ಮ ಅಜ್ಜಿಗೆ ಎದ್ದು ನಿಂತರೂ ಸೊಂಟ ನೆಟ್ಟಗಾಗುವುದಿಲ್ಲ. ಯಾರಾದರೂ ಪಕ್ಕದಿಂದ ಕರೆದರೆ ಕತ್ತಿನ ಬದಲು ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾರೆ. ನನ್ನ ಹಲ್ಲುಗಳ ಮೇಲೂ ಕಂದು ಗೆರೆಗಳಿವೆ. ಇದೆಲ್ಲ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಎಂದು ಶಾಲೆಯಲ್ಲಿದ್ದಾಗಲೇ ಕೇಳಿದ್ದೆ. ಈಗ ಇದನ್ನೇ ಓದಬೇಕೆಂಬ ಆಸೆ ಬಲವಾಗಿದೆ. ಎಂ.ಎಸ್ಸಿ. ಪರಿಸರ ವಿಜ್ಞಾನ ಸೇರಬೇಕೋ, ಸಾರ್ವಜನಿಕ ಆರೋಗ್ಯದ ಎಂ.ಪಿ.ಎಚ್. ಸೇರಬೇಕೋ ತಿಳಿಯುತ್ತಿಲ್ಲ. ಗಣಿತದಲ್ಲಿ ನಾನು ಅಷ್ಟು ಗಟ್ಟಿಯಲ್ಲ. ಮನೆಯಲ್ಲಿ ಬಿ.ಎಡ್. ಮಾಡು ಎನ್ನುತ್ತಿದ್ದಾರೆ, ಆದ್ದರಿಂದ ಉದ್ಯೋಗದ ಬಗ್ಗೆಯೂ ದಯವಿಟ್ಟು ತಿಳಿಸಿ.

ಉತ್ತರ 1 – ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು

ತಂಗಿ, ಕೋರ್ಸಿನ ಹೆಸರಿಗಿಂತ ಅದರ ಪಠ್ಯಕ್ರಮವನ್ನು ತರಿಸಿಕೊಂಡು ಓದಿ. ನೀರಿನಲ್ಲಿ ಏನಿದೆ ಎಂದು ಕೇಳುವುದು ಪರಿಸರ ವಿಜ್ಞಾನ. ಅದರಲ್ಲಿ ಎಷ್ಟು ಪಾಲು ಯಾರ ದೇಹ ಸೇರಿತು, ಸೇರಿದ ಮೇಲೆ ಏನು ಮಾಡಿತು ಎಂದು ಕೇಳುವುದು ಪರಿಸರ ಆರೋಗ್ಯ ವಿಜ್ಞಾನ. ಎರಡನೆಯ ಪ್ರಶ್ನೆಗೆ ಬೇಕಾದ ಎಪಿಡೆಮಿಯಾಲಜಿ (ಕಾಯಿಲೆ ಯಾರಿಗೆ, ಎಲ್ಲಿ, ಏಕೆ ಬರುತ್ತದೆ ಎಂಬ ಅಧ್ಯಯನ), ವಿಷವಿಜ್ಞಾನ ಮತ್ತು ಜೈವಿಕ ಸಂಖ್ಯಾಶಾಸ್ತ್ರ ಪಠ್ಯಕ್ರಮದಲ್ಲಿ ಇಲ್ಲದಿದ್ದರೆ, ಹೆಸರು ಎಷ್ಟೇ ಚೆನ್ನಾಗಿದ್ದರೂ ಆ ಕೋರ್ಸ್ ನಿಮಗೆ ಬೇಕಾದುದನ್ನು ಕಲಿಸುವುದಿಲ್ಲ.

ನಿಮ್ಮ ಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ರೂಪುಗೊಳ್ಳುವುದು ಸುಮಾರು 8 ವರ್ಷದೊಳಗೆ. ಹಾಗಾಗಿ ನಿಮ್ಮ ಹಲ್ಲಿನ ಗೆರೆಗಳು ಬಾಲ್ಯದಲ್ಲಿ ನೀವು ಕುಡಿದ ನೀರಿನ ದಾಖಲೆಯೇ ಹೊರತು ಇಂದಿನ ನೀರಿನದ್ದಲ್ಲ. ಅಜ್ಜಿಯ ಬೆನ್ನೆಲುಬು ಹೇಳುವುದು ಹಲವು ದಶಕಗಳ ಕತೆಯನ್ನು. ಮೂತ್ರದಲ್ಲಿರುವ ಫ್ಲೋರೈಡ್ ಇತ್ತೀಚಿನ ಸೇವನೆಯನ್ನಷ್ಟೇ ತೋರಿಸುತ್ತದೆ. ಒಂದೇ ವಿಷವಸ್ತುವಿಗೆ ದೇಹದಲ್ಲಿ ಹೀಗೆ ಮೂರು ಬಗೆಯ ಗಡಿಯಾರಗಳಿರುವುದನ್ನು ಮೊದಲ ಬಾರಿ ಅರ್ಥ ಮಾಡಿಕೊಂಡ ದಿನವೇ ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿತು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಿಕೊಳ್ಳಲಾಗುತ್ತದೆ. ಆದರೆ ನೆರಳಿನಲ್ಲಿ ಕುಳಿತು ಕೆಲಸ ಮಾಡುವವರಿಗಿಂತ, ದಿನವಿಡೀ ಬಿಸಿಲಿನಲ್ಲಿ ಕಡಲೆಕಾಯಿ ಗಿಡ ಕೀಳುವವರು ಅದೇ ನೀರನ್ನು ಎಷ್ಟೋ ಪಟ್ಟು ಹೆಚ್ಚು ಕುಡಿಯುತ್ತಾರೆ. ಪ್ರಯೋಗಾಲಯದ ವರದಿಯಲ್ಲಿ ಇಬ್ಬರಿಗೂ ಒಂದೇ ಅಂಕಿ, ದೇಹ ಸೇರುವ ಪ್ರಮಾಣ ಮಾತ್ರ ಬೇರೆ. ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದ ಮೇಲೂ ಅನೇಕ ಮನೆಗಳಲ್ಲಿ ಕ್ಯಾನಿನ ನೀರು ಕುಡಿಯುವುದಕ್ಕಷ್ಟೇ ಬಳಕೆಯಾಗುತ್ತದೆ, ಮುದ್ದೆಗೂ ಸಾರಿಗೂ ಕೊಳವೆಬಾವಿಯ ನೀರೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಇದನ್ನು ಗಮನಿಸಬೇಕಾದರೆ ನೀರನ್ನು ಅಳೆದರೆ ಸಾಲದು, ಅಡುಗೆಮನೆಗೂ ಹೋಗಬೇಕು.

ಇನ್ನೊಂದು ಮಾತು. ಪ್ರಯೋಗಾಲಯದ ಉಪಕರಣಗಳನ್ನು ವಿದ್ಯಾರ್ಥಿಗಳೇ ಮುಟ್ಟಿ ಬಳಸುತ್ತಾರೆಯೇ ಎಂದು ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸಿ. ನಾನು ಓದಿದ ವಿಭಾಗದಲ್ಲಿ ನೀರಿನ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಎರಡು ವರ್ಷವೂ ಬೀರುವಿನೊಳಗೇ ಇತ್ತು. ಅದನ್ನು ಬಳಸಲು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಆ ನಷ್ಟ ನನಗೆ ಇಂದಿಗೂ ಬೇಸರ ತರಿಸುತ್ತದೆ.

ಉತ್ತರ 2 – ಎಂ.ಪಿ.ಎಚ್. ಮುಗಿಸಿದವರು, ಪುತ್ತೂರು

ಗಣಿತದ ಬಗ್ಗೆ ನೀವು ಹೆದರಬೇಕಿಲ್ಲ. ಕಾಯಿಲೆ ಇರುವ 100 ಜನರಲ್ಲಿ ಎಷ್ಟು ಮಂದಿ ಆ ನೀರು ಕುಡಿದಿದ್ದರು, ಕಾಯಿಲೆ ಇಲ್ಲದ 100 ಜನರಲ್ಲಿ ಎಷ್ಟು ಮಂದಿ ಕುಡಿದಿದ್ದರು ಎಂದು ಹೋಲಿಸುವ ಲೆಕ್ಕಕ್ಕೆ ಶಾಲೆಯ ಗಣಿತವೇ ಸಾಕು. ಹೋಲಿಸಲು ಯಾರನ್ನು ಆರಿಸಬೇಕು, ವಯಸ್ಸು, ಬಡತನ, ಆಹಾರ ಇವುಗಳ ಪ್ರಭಾವವನ್ನು ಹೇಗೆ ಬೇರ್ಪಡಿಸಬೇಕು ಎಂಬುದೇ ನಿಜವಾಗಿ ಕಷ್ಟದ ಕೆಲಸ, ಮತ್ತು ಅದು ಅಭ್ಯಾಸದಿಂದ ಬರುತ್ತದೆ.

ನಮ್ಮ ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಸಂಗತಿ ನಿಮಗೆ ತಿಳಿದಿರಬಹುದು. ಸುಪ್ರೀಂ ಕೋರ್ಟ್ 2011ರಲ್ಲಿ ಆ ಕೀಟನಾಶಕವನ್ನು ನಿಷೇಧಿಸಿತು. ಆದರೆ ಸಿಂಪಡಣೆ ನಿಂತು ವರ್ಷಗಳಾದ ಮೇಲೆ ಯಾವ ಮನೆಯವರಿಗೆ ಎಷ್ಟು ವಿಷ ತಗುಲಿತ್ತು ಎಂದು ತೋರಿಸುವುದು ಬಹಳ ಕಷ್ಟ, ಏಕೆಂದರೆ ಆಗ ಮನೆ ಮನೆಯ ಗಾಳಿ, ನೀರನ್ನು ಅಳೆದಿಟ್ಟವರಿಲ್ಲ. ಕೊಕ್ಕಡದ ಕಡೆ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯೊಬ್ಬರು ತೋಪಿನ ಅಂಚಿನಲ್ಲಿದ್ದ ತೆರೆದ ಬಾವಿಯನ್ನು ನನಗೆ ಕೈಮಾಡಿ ತೋರಿಸಿದ್ದರು. ಸಕಾಲದಲ್ಲಿ ಅಳೆಯುವವರು ಇರಬೇಕು ಎನ್ನುವ ಕಾರಣಕ್ಕೇ ನಿಮ್ಮಂಥವರು ಈ ವಿಷಯ ಓದಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ರಸಾಯನಶಾಸ್ತ್ರದ ತಳಹದಿ ನಿಮಗೆ ಈಗಾಗಲೇ ಇರುವುದರಿಂದ, ನನ್ನ ಅಭಿಪ್ರಾಯದಲ್ಲಿ ಎಂ.ಪಿ.ಎಚ್. ಹೆಚ್ಚು ಉಪಯುಕ್ತ. ಮಣಿಪಾಲದಲ್ಲಿ ಈ ಕೋರ್ಸ್ ಇದೆ. ಶುಲ್ಕವನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.

ಉತ್ತರ 3 – ಔದ್ಯೋಗಿಕ ಆರೋಗ್ಯ ಕ್ಷೇತ್ರದವರು, ಬೆಂಗಳೂರು

ಉದ್ಯೋಗದ ಮಟ್ಟಿಗೆ ಹೇಳುವುದಾದರೆ, 'ಪರಿಸರ ಆರೋಗ್ಯ' ಎಂಬ ಹೆಸರಿನ ಹುದ್ದೆಗಳು ನಮ್ಮಲ್ಲಿ ಕಡಿಮೆ. ಆದರೆ ಕಾರ್ಖಾನೆಗಳ ಸುರಕ್ಷತಾ ವಿಭಾಗ, ನೀರು ಪರೀಕ್ಷಾ ಪ್ರಯೋಗಾಲಯ, ಪರಿಸರ ಪರಿಣಾಮ ಅಧ್ಯಯನ ಮತ್ತು ಸಂಶೋಧನಾ ಯೋಜನೆಗಳಲ್ಲಿ ಈ ಓದಿಗೆ ಕೆಲಸವಿದೆ. ಭೋಪಾಲದ ರಾಷ್ಟ್ರೀಯ ಪರಿಸರ ಆರೋಗ್ಯ ಸಂಶೋಧನಾ ಸಂಸ್ಥೆ ಮತ್ತು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧಿಸೂಚನೆಗಳನ್ನು ಗಮನಿಸುತ್ತಿರಿ. ಎರಡನೆಯದರ ದಕ್ಷಿಣ ಭಾರತದ ಕೇಂದ್ರ ಬೆಂಗಳೂರಿನಲ್ಲೇ ಇದೆ. ಯೋಜನೆಯ ಹುದ್ದೆಗಳು ಕಾಯಂ ಅಲ್ಲ ಎಂಬುದನ್ನು ಮನೆಯವರಿಗೆ ಮುಚ್ಚಿಡದೆ ಹೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಅಡುಗೆಮನೆಯ ಮಾತು ಓದಿ ನಮ್ಮ ಮನೆಯಲ್ಲೇ ಚೊಂಬಿನಿಂದ ಅಳೆದು ನೋಡಿದೆ. ನಾಲ್ಕು ಜನರ ಅಡುಗೆಗೆ ದಿನಕ್ಕೆ ಸುಮಾರು 9 ಲೀಟರ್ ಕೊಳವೆಬಾವಿ ನೀರು ಬಳಸುತ್ತಿದ್ದೇವೆ. ಇದು ಇಷ್ಟು ದಿನ ನನ್ನ ಗಮನಕ್ಕೇ ಬಂದಿರಲಿಲ್ಲ. ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟಿಗೆ ಇದನ್ನೇ ತೆಗೆದುಕೊಳ್ಳಬಹುದೇ?

ಉತ್ತರ 1 ಬರೆದವರು

ಖಂಡಿತ ತೆಗೆದುಕೊಳ್ಳಿ. ಒಂದೇ ಬೀದಿಯ ಕೆಲವು ಮನೆಗಳಲ್ಲಿ, ಅವರ ಒಪ್ಪಿಗೆ ಪಡೆದು, ಅಡುಗೆಗೂ ಕುಡಿಯುವುದಕ್ಕೂ ಬಳಸುವ ನೀರನ್ನು ಬೇರೆ ಬೇರೆ ಬರೆದುಕೊಳ್ಳಿ. ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ಬೇಡ, ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಿರಿ. ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿ, ಪಂಪು ಕೆಲವು ನಿಮಿಷ ಓಡಿದ ಮೇಲೆ ತುಂಬಿಸಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಅದೇ ಕೊಳವೆಬಾವಿಯಿಂದ ಇನ್ನೊಮ್ಮೆ ತೆಗೆದುಕೊಳ್ಳಿ.