ಅಪ್‌ಡೇಟ್: ಜೆರಾಕ್ಸ್ ಪ್ರತಿಯ ಕಪ್ಪು ಚುಕ್ಕೆ ಹೋಯಿತು

ನಮ್ಮ ಕಚೇರಿಯ ಜೆರಾಕ್ಸ್ ಯಂತ್ರದ ಪ್ರತಿಗಳಲ್ಲಿ ಒಂದೇ ನೇರಕ್ಕೆ ಕಪ್ಪು ಚುಕ್ಕೆಗಳು ಬೀಳುತ್ತಿವೆ, ಟೋನರ್ ಬದಲಿಸಿದರೂ ಹೋಗುತ್ತಿಲ್ಲ ಎಂದು ಕಳೆದ ವಾರ ಕೇಳಿದ್ದೆ. ಚುಕ್ಕೆಗಳ ನಡುವಿನ ಅಂತರ ಅಳೆಯಿರಿ ಎಂದವರಿಗೆ ಮನಸಾರೆ ಧನ್ಯವಾದ. ಸ್ಕೇಲ್ ಇಟ್ಟು ನೋಡಿದೆ: ಸುಮಾರು 94 ಮಿ.ಮೀ. ಹಾಳೆಯ ಮೇಲೆ ಅಕ್ಷರ ಮೂಡಿಸುವ ಉರುಳೆ, ಅಂದರೆ 30 ಮಿ.ಮೀ. ವ್ಯಾಸದ ಡ್ರಮ್, ಒಂದು ಸುತ್ತು ಬಂದರೆ ಅಷ್ಟೇ ದೂರ!

ಹೊರತೆಗೆದು ನೋಡಿದರೆ ಡ್ರಮ್ಮಿನ ಹಸಿರು ಮೈಮೇಲೆ ಸಾಸಿವೆಗಿಂತ ಸಣ್ಣ ಗಾಯ. ಹಿಂಬದಿ ಖಾಲಿ ಇದೆಯೆಂದು ಟ್ರೇಗೆ ಹಾಕಿದ ಹಳೆಯ ಹಾಳೆಯ ಪಿನ್ನಿನದೇ ಇರಬೇಕು. ಹೊಸ ಡ್ರಮ್ಮಿನ ಜೊತೆಗೆ, ಅದರ ಮೇಲೆ ಉಳಿದ ಟೋನರ್ ಪುಡಿಯನ್ನು ಒರೆಸುವ ಕ್ಲೀನಿಂಗ್ ಬ್ಲೇಡನ್ನೂ ಹೊಸದು ಹಾಕಿಸಿದೆ. ಹಳೆಯದರ ರಬ್ಬರ್ ಅಂಚು ಸವೆದು ಹಲ್ಲುಹಲ್ಲಾಗಿತ್ತು, ಅದನ್ನು ಉಳಿಸಿಕೊಳ್ಳಲು ಮನಸ್ಸು ಬರಲಿಲ್ಲ.

ಈಗ ಪಹಣಿಯ ಪ್ರತಿಯಲ್ಲಿ ವಿಸ್ತೀರ್ಣದ ಅಂಕಿಗಳ ನಡುವೆ ದಶಮಾಂಶ ಬಿಂದುವಿನಂಥ ಚುಕ್ಕೆ ಇಲ್ಲ. ನನಗೆ ಅದರದೇ ಭಯವಿತ್ತು.