ಅಪ್‌ಡೇಟ್: ಲೂಪಿಗೆ ಹೋದ ರೈಲು ಕೊನೆಗೂ ವಾಪಸ್ ಬಂತು

ಎರಡು ತಿಂಗಳ ಹಿಂದೆ ಕೇಳಿದ್ದೆನಲ್ಲ: ದಾವಣಗೆರೆಯ ನಮ್ಮ ಮಹಡಿ ಕೋಣೆಯಲ್ಲಿ, ಆರಡಿ ಉದ್ದ ಮೂರಡಿ ಅಗಲದ ಪ್ಲೈವುಡ್ ಮೇಲೆ ಎನ್ ಸ್ಕೇಲ್ (ನಿಜ ರೈಲಿನ 160ರಲ್ಲಿ ಒಂದು ಪಾಲಿನಷ್ಟಿರುವ ಮಾದರಿ ರೈಲು) ಹಳಿ ಹಾಕಿದ್ದೇನೆ, ದೂರದ ಮೂಲೆಯಲ್ಲಿ ರೈಲು ಕುಂಟುತ್ತೆ, ಹಿಂತಿರುಗುವ ಲೂಪಿಗೆ ಹೋದರೆ ಹಳಿಗೆ ಕರೆಂಟ್ ಕೊಡುವ ಕಂಟ್ರೋಲರ್ ಟ್ರಿಪ್ ಆಗುತ್ತೆ ಅಂತ. ಎರಡೂ ಸರಿಹೋಯ್ತು. ಉತ್ತರ ಕೊಟ್ಟವರಿಗೆಲ್ಲ ಒಂದೊಂದು ಬೆಣ್ಣೆ ದೋಸೆ ಬಾಕಿ.

ಕುಂಟಾಟ ಎಂಜಿನ್ನಿನದಲ್ಲ. ಒಂದೇ ಕಡೆಯಿಂದ 12 ವೋಲ್ಟ್ ಕೊಟ್ಟಿದ್ದೆ, ಮೂಲೆಯಲ್ಲಿ ಮೀಟರ್ 9 ತೋರಿಸ್ತು. ಮೂರಡಿಗೊಂದು ಫೀಡರ್ ವೈರ್ (ಹಳಿಗೆ ನೇರ ಕರೆಂಟ್ ತರುವ ತಂತಿ) ಬೆಸುಗೆ ಹಾಕಿದೆ, ಮುಗೀತು.

ಲೂಪಿನದು ಬೇರೆ ಕಥೆ. ದಾರಿ ಸುತ್ತಿ ಬಂದು ತನಗೇ ಸೇರುವಾಗ ಪ್ಲಸ್ ಹಳಿ ಮೈನಸ್ಸಿಗೆ ತಾಗುತ್ತೆ, ಶಾರ್ಟ್. ಲೂಪಿನ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ ಕರೆಂಟ್ ದಾಟದ ಪ್ಲಾಸ್ಟಿಕ್ ಜಾಯಿನರ್ ಹಾಕಿದೆ. ಮುಖ್ಯ ದಾರಿಗೆ ಪ್ಲಸ್-ಮೈನಸ್ ಅದಲುಬದಲು ಮಾಡುವ ಡಿಪಿಡಿಟಿ ಸ್ವಿಚ್. ರೈಲು ಪೂರ್ತಿ ಲೂಪಿನೊಳಗಿದ್ದಾಗ ಅದನ್ನು ತಿರುಗಿಸಬೇಕು. 'ಪೂರ್ತಿ' ಅನ್ನೋದನ್ನ ನಾನು ಹಗುರವಾಗಿ ತಗೊಂಡೆ. ಐದನೇ ಬೋಗಿಯ ಲೋಹದ ಗಾಲಿ ಕತ್ತರಿಸಿದ ಜಾಗದ ಮೇಲೇ ನಿಂತು ಮತ್ತೆ ಶಾರ್ಟ್! ಈಗ ಮೂರೇ ಬೋಗಿ.

9 ಮಿ.ಮೀ. ಹಳಿ ನಮ್ಮ 1676 ಮಿ.ಮೀ. ಬ್ರಾಡ್ ಗೇಜಿಗೆ ಕಿರಿದು, 1:160ರಲ್ಲಿ ಹತ್ತೂವರೆ ಬೇಕು ಅಂದಿದ್ರಿ. ನಿಜ. ಕಣ್ಣು ಮುಚ್ಚಿಕೊಂಡಿದ್ದೇನೆ.

ಹಳಿ ನಡುವಿನ ಜಲ್ಲಿ ಅಂತ ರವೆ ಹಾಕಿ ಇರುವೆ ಸಾಲು ಕರೆಸಿಕೊಂಡೆ. ಆಮೇಲೆ ಮರಳು ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್ ಹನಿಸಿದೆ. ಅವ್ವನದೊಂದೇ ಗೊಣಗಾಟ: "ಹಿಟ್ಟಿನ ಜರಡೀನೇ ಬೇಕಿತ್ತೇನೋ?"

ಮುಂದೆ ಚಿಕ್ಕಜಾಜೂರು ಜಂಕ್ಷನ್ ಬೋರ್ಡು, ಚಿತ್ರದುರ್ಗದ ಕಡೆಗೊಂದು ಕವಲು.