ಸಹಾಯ ಬೇಕು: ಐನ್‌ಮನೆಯ ಹಳೆಯ ಪೆನ್ಸಿಲ್ ಚಿತ್ರದ ಕಲೆ ತೆಗೆದು ಬಣ್ಣ ತುಂಬುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಐನ್‌ಮನೆಯನ್ನು (ಕೊಡವ ಕುಟುಂಬದ ಮೂಲಮನೆ) ಅಜ್ಜ ಪೆನ್ಸಿಲಿನಲ್ಲಿ ಬಿಡಿಸಿದ್ದ ಚಿತ್ರವನ್ನು ಮಡಿಕೇರಿಯಲ್ಲಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಶುಚಿಗೊಳಿಸುತ್ತಿದ್ದೇನೆ. ಹಲವು ಮಳೆಗಾಲಗಳ ತೇವಕ್ಕೆ ಹಾಳೆಯ ತುಂಬ ಕಂದು ಕಲೆಗಳೆದ್ದಿವೆ. ನಮ್ಮೂರಿನ ಮಳೆ ಬೀರುವಿನೊಳಗಿನ ಕಾಗದವನ್ನೂ ಬಿಡುವುದಿಲ್ಲ. ತಿಳಿ-ಗಾಢತೆ ಹೊಂದಿಸುವ ಲೆವೆಲ್ಸ್‌ನಲ್ಲಿ ಬಿಳಿಯ ಗುರುತನ್ನು ಎಡಕ್ಕೆ ಸರಿಸಿದರೆ ಕಲೆ ಮಾಯವಾಗುತ್ತದೆಯಾದರೂ, ಅದರೊಂದಿಗೆ ಕೈಯಾಲೆಯ (ಮುಂಭಾಗದ ಜಗಲಿ) ಕಂಬಗಳ ಕೆತ್ತನೆಗೆ ಅಜ್ಜ ಎಳೆದ ನವಿರು ಗೆರೆಗಳೂ ಅಳಿಸಿಹೋಗುತ್ತವೆ. ಚಿತ್ರದ ಕೆಂಪು, ಹಸಿರು, ನೀಲಿ ಬಣ್ಣದ ಚಾನೆಲ್‌ಗಳಲ್ಲಿ ಕೆಂಪು ಒಂದನ್ನೇ ಉಳಿಸಿಕೊಂಡಾಗ ಕಲೆಗಳು ಬಹುಪಾಲು ತಿಳಿಯಾದವು, ಆದರೆ ಸೂರಿನಂಚಿನ ದಟ್ಟ ಕಲೆ ಮಾತ್ರ ಜಗ್ಗಲಿಲ್ಲ. ಗೆರೆಗೆ ಧಕ್ಕೆಯಾಗದಂತೆ ಅದನ್ನು ತೆಗೆಯುವುದು ಹೇಗೆ? ಗೆರೆಗಳ ಪದರವನ್ನು ಮಲ್ಟಿಪ್ಲೈಗೆ (ಕೆಳಗಿನ ಬಣ್ಣದೊಂದಿಗೆ ಬೆರೆತು ಗಾಢವಾಗುವ ವಿಧಾನ) ಹಾಕಿ, ಅದರ ಕೆಳಗಿನ ಪದರದಲ್ಲಿ ಹೆಂಚಿನ ಕೆಂಪು ತುಂಬಿದರೆ, ಪೆನ್ಸಿಲಿನ ನೆರಳಿರುವ ಕಡೆಯೆಲ್ಲ ಬಣ್ಣ ಕೆಸರಿನಂತೆ ಕಾಣುತ್ತಿದೆ. ಗೆರೆಗಳನ್ನೇ ಕಂದುಬಣ್ಣಕ್ಕೆ ತಿರುಗಿಸಿದರೆ ಸರಿಹೋದೀತೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.